ಜಡ್ಡಿನಿಂದ ಎದ್ದವರ ಡಾಕ್ಟರು

ನಮ್ಮ ಡಾಕ್ಟರ್ ಸಾಹೇಬರು ತೀರಿಕೊಂಡ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಅಂಗೈಯಗಲ ಜಾಗದಲ್ಲಿ ಬಂದಿತ್ತು. ಲಿಂಗಸುಗೂರಿನವರು, ಹೈದರಾಬಾದಿನಲ್ಲಿ ಓದಿದವರು, ಸಿಂಧನೂರಿನ ಆಸ್ಪತ್ರೆಯಲ್ಲಿ ಹಲವು ವರ್ಷ ಸೇವೆ ಸಲ್ಲಿಸಿದವರು, ಸರಳ ಸಜ್ಜನರು, ಮಿತಭಾಷಿಗಳು ಎಂದು ಬರೆದಿದ್ದರು. ಮಿತಭಾಷಿಗಳು! ಅಲ್ಲಿಯವರೆಗೆ ಕಣ್ಣೊರೆಸಿಕೊಳ್ಳುತ್ತಾ ಓದುತ್ತಿದ್ದ ನಾನು ಆ ಶಬ್ದಕ್ಕೆ ಬಂದವಳೇ ಗೊಳ್ಳನೆ ನಕ್ಕುಬಿಟ್ಟೆ. ಸೊಸೆ ಅಡುಗೆಮನೆಯಿಂದ ಓಡಿಬಂದು ನನ್ನ ಮುಖ ನೋಡಿ ಗಾಬರಿಯಾದಳು. ಅಳು ನಗು ಎರಡೂ ಒಟ್ಟಿಗೇ ಬಂದರೆ ನನ್ನ ವಯಸ್ಸಿನವರನ್ನು ನೋಡಿ ಯಾರಿಗಾದರೂ ಗಾಬರಿಯಾಗುತ್ತದೆ.

ಬರೆದವರು ಅವರನ್ನು ಒಮ್ಮೆಯೂ ಕಂಡಿರಲಿಕ್ಕಿಲ್ಲ. ಆ ಮನುಷ್ಯ ಬಾಯಿ ಮುಚ್ಚಿಕೊಂಡಿದ್ದನ್ನೂ ನೆಟ್ಟಗೆ ನಡೆದಾಡಿದ್ದನ್ನೂ ನಾನು ನೋಡಿದ್ದು ಬಹಳ ಕಡಿಮೆ. ಅವರು ಓಡುತ್ತಿದ್ದರು. ವಾರ್ಡಿನಿಂದ ಹಿಂದಿನ ಲ್ಯಾಬಿಗೆ, ಲ್ಯಾಬಿನಿಂದ ವಾರ್ಡಿಗೆ, ಒಂದು ಕೈಯಲ್ಲಿ ಗಾಜಿನ ಕೊಳವೆ, ಇನ್ನೊಂದರಲ್ಲಿ ಜಾರುತ್ತಿದ್ದ ಧೋತರದ ಚುಂಗು. ಹೌದು, ಧೋತರವೇ. ಮೇಲೆ ಬಿಳಿ ಕೋಟು, ಕೆಳಗೆ ಧೋತರ. ಪ್ಯಾಂಟು ಹಾಕಿಕೊಂಡರೆ ಓಡಲಿಕ್ಕೆ ಬರುವುದಿಲ್ಲ ಎನ್ನುತ್ತಿದ್ದರು. ಓಡುವಾಗಲೂ ಮಾತು ನಿಲ್ಲುತ್ತಿರಲಿಲ್ಲ. ಕೇಳುವವರು ಯಾರೂ ಇಲ್ಲದಿದ್ದರೆ ಕೊಳವೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅದರೊಂದಿಗೇ ಮಾತಾಡುತ್ತಿದ್ದರು.

ನಾನು ಮಸ್ಕಿಯವಳು. ನರ್ಸಿಂಗ್ ಓದು ಮುಗಿಸಿ ಅವರ ಕೈಕೆಳಗೆ ಸೇರಿದಾಗ ಕಾಲುವೆಗೆ ನೀರು ಬಂದು ಕೆಲವೇ ವರ್ಷಗಳಾಗಿದ್ದವು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಗಳು ಒಂದೊಂದಾಗಿ ಗದ್ದೆಗಳಾಗುತ್ತಿದ್ದವು. ಆಂಧ್ರದ ಕಡೆಯಿಂದ ಬಂದವರು ಅಲ್ಲಲ್ಲಿ ಕ್ಯಾಂಪು ಕಟ್ಟಿಕೊಂಡಿದ್ದರು. ಕೂಲಿಗೆ ಬಂದ ಮಂದಿ ಗುಡಿಸಲುಗಳಲ್ಲಿ ಒತ್ತೊತ್ತಾಗಿ ಮಲಗುತ್ತಿದ್ದರು. ಬೇಸಿಗೆ ಕಾಲಿಟ್ಟಿತೆಂದರೆ ಆ ಜ್ವರ ಶುರುವಾಗುತ್ತಿತ್ತು. ಬೆಳಿಗ್ಗೆ ತಲೆನೋವು ಎಂದವನು ಸಂಜೆಯೊಳಗೆ ಕುತ್ತಿಗೆ ಸೆಟೆದು, ಬೆಳಕು ಕಂಡರೆ ಚೀರುತ್ತಾ, ಆಮೇಲೆ ಕರೆದರೂ ಓಗೊಡದೆ ಬಿದ್ದಿರುತ್ತಿದ್ದ. ಮಿದುಳನ್ನು ಸುತ್ತಿಕೊಂಡ ಪೊರೆಗೆ ಕ್ರಿಮಿ ತಗಲಿ ಬರುವ ಜ್ವರ. ನಾವು ಮೆನಿಂಜೈಟಿಸ್ ಎನ್ನುತ್ತಿದ್ದೆವು. ಬೆನ್ನುಮೂಳೆಯ ನಡುವೆ ಸೂಜಿ ಹಾಕಿ ನೀರು ತೆಗೆದು ನೋಡಿ ಖಚಿತ ಮಾಡಿಕೊಳ್ಳುತ್ತಿದ್ದೆವು. ಊರಿನವರು ಅದರ ಹೆಸರು ಹೇಳಲಿಕ್ಕೇ ಅಂಜಿ 'ಆ ಜಡ್ಡು' ಎನ್ನುತ್ತಿದ್ದರು. ಪೆನ್ಸಿಲಿನ್ ಹೊತ್ತಿಗೆ ಸರಿಯಾಗಿ ಬಿದ್ದರೆ ಉಳಿಯುತ್ತಿದ್ದರು, ತಡವಾದರೆ ಇಲ್ಲ.

ಉಳಿದವರು ಮನೆಗೆ ಹೋದರೆಂದರೆ ಬೇರೆ ಡಾಕ್ಟರುಗಳ ಕೆಲಸ ಮುಗಿಯಿತು. ಇವರ ಕೆಲಸ ಅಲ್ಲಿಂದ ಶುರು.

“ಬಿದ್ದವರನ್ನ ಎಲ್ಲಾರೂ ನೋಡ್ತಾರ ತಂಗೀ, ಎದ್ದವರನ್ನ ಯಾರು ನೋಡ್ತಾರ?” ಎನ್ನುತ್ತಿದ್ದರು. “ಜಡ್ಡು ಹೋಗೋ ಮುಂದ ಮೈಯಾಗ ಏನೋ ಇಟ್ಟು ಹೋಗತೈತಿ. ಏನಿಟ್ಟು ಹೋಗೇತಿ ಅಂತ ನೋಡಬೇಕೋ ಬ್ಯಾಡೋ?”

ಇಟ್ಟು ಹೋಗುವುದು ಪ್ರತಿಕಾಯಗಳನ್ನು. ಕ್ರಿಮಿಯೊಂದಿಗೆ ಹೊಡೆದಾಡಿ ಗೆದ್ದ ದೇಹ ಅವನ್ನು ತಯಾರಿಸಿ ರಕ್ತದಲ್ಲಿ ಇಟ್ಟುಕೊಳ್ಳುತ್ತದೆ. ಅದೇ ಕ್ರಿಮಿ ಮತ್ತೆ ಬಂದರೆ ಅವು ಹಿಡಿದು ಕೆಡವುತ್ತವೆ. ಪ್ರತಿಕಾಯ ಎಂದರೆ ಮಂದಿಗೆ ತಿಳಿಯುವುದಿಲ್ಲವೆಂದು ಅವರು ಪಹರೆ ಎನ್ನುತ್ತಿದ್ದರು. 'ಇವನ ರಕ್ತದಾಗ ಪಹರೆ ಎದ್ದೈತಿ' ಎಂದರೆ ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಹೇಗೆ ನೋಡುತ್ತಿದ್ದರೆಂದರೆ, ರೋಗಿ ಆಸ್ಪತ್ರೆಗೆ ಬಂದ ದಿನವೇ ಒಂದಿಷ್ಟು ರಕ್ತ ತೆಗೆದು, ಹೆಪ್ಪುಗಟ್ಟಿದ ಮೇಲೆ ಉಳಿಯುವ ಅದರ ತಿಳಿಯನ್ನು ಸೀಮೆಎಣ್ಣೆಯ ಫ್ರಿಜ್ಜಿನಲ್ಲಿ ಇಡುವುದು. ಗುಣವಾಗಿ ಕೆಲವು ವಾರ ಕಳೆದ ಮೇಲೆ ಮತ್ತೊಮ್ಮೆ ತೆಗೆಯುವುದು. ಎರಡನ್ನೂ ಸಾಲು ಕೊಳವೆಗಳಲ್ಲಿ ತೆಳುವಿನಿಂದ ಇನ್ನೂ ತೆಳುವಾಗಿ ಮಾಡುತ್ತಾ ಹೋಗಿ, ಸತ್ತ ಕ್ರಿಮಿಗಳ ನೀರನ್ನು ಪ್ರತಿಯೊಂದಕ್ಕೂ ಹನಿಸುವುದು. ಪಹರೆ ಇದ್ದ ಕೊಳವೆಯಲ್ಲಿ ಕ್ರಿಮಿಗಳು ಒಂದಕ್ಕೊಂದು ಅಂಟಿ ಹರಳುಗಟ್ಟಿ ತಳಕ್ಕೆ ಇಳಿಯುತ್ತವೆ. ಇಲ್ಲದ್ದರಲ್ಲಿ ನೀರು ಮಬ್ಬಾಗಿಯೇ ಉಳಿಯುತ್ತದೆ. ಮೊದಲ ರಕ್ತ ಒಂದೆರಡು ಕೊಳವೆಗೇ ಸೋತು, ಎರಡನೆಯದು ಸಾಲಿನ ಕೊನೆಯವರೆಗೂ ಗೆಲ್ಲುತ್ತಾ ಹೋದರೆ ಸಾಹೇಬರು ಹೊರಗೆ ಓಡಿಹೋಗಿ ಎದುರಿಗೆ ಸಿಕ್ಕವರನ್ನು ತಬ್ಬಿಕೊಳ್ಳುತ್ತಿದ್ದರು. ಕಸಗುಡಿಸುವ ಅಜ್ಜ ಅವರ ಹೆಜ್ಜೆ ಸದ್ದು ಕೇಳಿದರೇ ಪೊರಕೆ ಕೆಳಗಿಟ್ಟು ತಬ್ಬಿಸಿಕೊಳ್ಳಲು ತಯಾರಾಗಿ ನಿಲ್ಲುತ್ತಿದ್ದ.

ಕಷ್ಟವಿದ್ದದ್ದು ಆ ಎರಡನೆಯ ರಕ್ತದಲ್ಲೇ. ಸಾಯುವ ಹೊತ್ತಿನಲ್ಲಿ ಯಾರು ಬೇಕಾದರೂ ಕೈ ಚಾಚುತ್ತಾರೆ. ಬದುಕಿ, ಮುದ್ದೆ ರೊಟ್ಟಿ ಉಂಡು, ಹೊಲಕ್ಕೆ ಹೋಗುತ್ತಿರುವವನು ಯಾಕೆ ಚಾಚಬೇಕು? ಒಮ್ಮೆ ಮಸ್ಕಿಯ ಸಂತೆಯಲ್ಲಿ ಅವರೂ ನಾನೂ ಬಸ್ಸಿಗೆ ಕಾಯುತ್ತಿದ್ದೆವು. ಮೆಣಸಿನಕಾಯಿ ಚೀಲದ ಹಿಂದೆ ಒಬ್ಬ ಗಂಡಸು ಕುಕ್ಕರಗಾಲಲ್ಲಿ ಅಡಗಿ ಕೂತದ್ದು ಸಾಹೇಬರ ಕಣ್ಣಿಗೆ ಬಿತ್ತು.

“ಏ ತಮ್ಮಾ, ನೀ ನಮ್ಮಾವ ಅಲ್ಲೇನೋ? ಹೋದ ಬ್ಯಾಸಿಗ್ಯಾಗ ಬಂದಿದ್ದಿ!”

“ನಾ ಅಲ್ರೀ ಸಾಹೇಬ್ರ, ಅಂವ ನಮ್ಮ ತಮ್ಮ ರೀ.”

“ಸುಳ್ಳ ಹೇಳಬ್ಯಾಡ. ನಿನ್ನ ಬೆನ್ನಾಗಿನ ನೀರು ತೆಗದಾವ ನಾ. ಬೆನ್ನ ತೋರಿಸು, ನಾನ ಚುಚ್ಚಿದ್ದು ಗುರುತು ಹಿಡೀತೀನಿ.”

ಸಂತೆ ಮಂದಿಯೆಲ್ಲ ನಗುತ್ತಿದ್ದರೆ ಆತ ಪಾಪ ಮೆಣಸಿನಕಾಯಿ ಮಾರುವುದನ್ನು ಬಿಟ್ಟು ತೋಳು ಮಡಚಿದ. ರಕ್ತ ತೆಗೆದಾದ ಮೇಲೆ ಸಾಹೇಬರು ಅವನ ಎದುರಿಗೇ ಕೂತು ಪಹರೆಯ ಕಥೆಯನ್ನು ಕೈ ಬಾಯಿ ಕಣ್ಣು ಎಲ್ಲ ಉಪಯೋಗಿಸಿ ಹೇಳಿದರು. ನಮ್ಮ ಬಸ್ಸು ಹೋಯಿತು. ಮುಂದಿನ ಬಸ್ಸೂ ಹೋಯಿತು. ಕೊನೆಗೆ ಅವನೇ ನಮಗೆ ಎತ್ತಿನ ಗಾಡಿಯೊಂದನ್ನು ಹುಡುಕಿಕೊಟ್ಟ.

ಕ್ರಿಮಿ ಬೆಳೆಸಲು ಅವರಿಗೆ ಕುರಿಯ ರಕ್ತ ಬೇಕಾಗುತ್ತಿತ್ತು. ಅದನ್ನು ಕಾಯಿಸಿ, ಅಗರ್ ಎಂಬ ಅಂಟಿಗೆ ಬೆರೆಸಿ ಗಾಜಿನ ತಟ್ಟೆಗಳಲ್ಲಿ ಹೆಪ್ಪುಗಟ್ಟಿಸಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಕ್ರಿಮಿಗೆ ಅದೇ ಊಟ. ಗುರುಗುಂಟಾದಲ್ಲಿ ಒಬ್ಬ ಕುರಿಗಾರ ಗೊತ್ತಾಗಿದ್ದ. ಅವನ ಹಟ್ಟಿಗೆ ಹೋಗಿ ಒಂದು ಕೊಬ್ಬಿದ ಕುರಿಯ ಕುತ್ತಿಗೆ ನರದಿಂದ ರಕ್ತ ತೆಗೆದು, ಗಾಜಿನ ಮಣಿ ಹಾಕಿದ ಬಾಟಲಿಯಲ್ಲಿ ಹೆಪ್ಪಾಗದಂತೆ ಕುಲುಕುತ್ತಾ ತರುವುದು. ಬಸ್ಸಿನ ಉದ್ದಕ್ಕೂ ಕುಲುಕಾಟ ನನ್ನದು, ಮಾತು ಅವರದು.

“ಸಾಹೇಬ್ರ, ಹ್ವಾದ ಸಲ ಒಯ್ದದ್ದು ಯಾರಿಗೆ ಹಾಕಿದ್ರಿ?” ಎಂದು ಕುರಿಗಾರ ಕೇಳಿದ್ದ.

“ಯಾರಿಗೂ ಹಾಕಿಲ್ಲೋ ಯಪ್ಪಾ. ಕ್ರಿಮಿಗೆ ಉಣಿಸೀನಿ.”

“ಕ್ರಿಮಿಗೆ? ನಮ್ಮ ಕುರಿ ರಕ್ತಾ? ಉಂಡು ಏನಂತಾವ್ರಿ?”

“ಗುರುಗುಂಟಾದ್ದ ಬೇಕಂತಾವ. ಲಿಂಗಸೂರಿಂದು ತಂದ್ರ ಮಾರಿ ತಿರುವತಾವ.”

ಕುರಿಗಾರ ಹಿಗ್ಗಿ ಹೀರೇಕಾಯಿಯಾದ. ಮುಂದಿನ ಸಲ ಹೋದಾಗ ಆ ಕುರಿಯ ಕೊರಳಿಗೆ ಕೆಂಪು ದಾರ ಕಟ್ಟಿ, ಇದು ದವಾಖಾನಿ ಕುರಿ, ಕೊಡುವುದಿಲ್ಲ ಎಂದು ಕಟುಕನನ್ನು ವಾಪಸ್ಸು ಕಳಿಸಿದ್ದನೆಂದು ಗೊತ್ತಾಯಿತು.

ಊಟ ಬಡಿಸಿದ ಆ ತಟ್ಟೆಗಳನ್ನು ಅವರು ದೊಡ್ಡ ಗಾಜಿನ ಭರಣಿಯಲ್ಲಿ ಇಡುತ್ತಿದ್ದರು. ಒಳಗೆ ಒಂದು ಮೇಣದಬತ್ತಿ ಹಚ್ಚಿ ಮುಚ್ಚಳ ಬಿಗಿಯುತ್ತಿದ್ದರು. ದೀಪ ಸ್ವಲ್ಪ ಹೊತ್ತು ಉರಿದು ತಾನೇ ಆರುತ್ತಿತ್ತು. ಆ ಕ್ರಿಮಿ ಬೆಳೆಯಲಿಕ್ಕೆ ದೀಪ ಉರಿದು ಆರಿದ ಮೇಲೆ ಉಳಿಯುವ ಗಾಳಿಯೇ ಬೇಕಂತೆ. ಪ್ರತಿಸಲವೂ ಆ ದೀಪ ಆರುವವರೆಗೆ ಅವರು ಮುಖ ಹತ್ತಿರ ಹಿಡಿದು ನೋಡುತ್ತಾ ನಿಲ್ಲುತ್ತಿದ್ದರು. ದಿನದಲ್ಲಿ ಅವರು ನಿಂತಲ್ಲೇ ನಿಲ್ಲುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ.

ದೇವರಂಥ ಮನುಷ್ಯ ಎಂದೇನೂ ನಾನು ಹೇಳುವುದಿಲ್ಲ. ಕೊಳವೆ ತೊಳೆಯುವುದರಲ್ಲಿ ಚೂರು ಹೆಚ್ಚುಕಡಿಮೆಯಾದರೆ ಆಸ್ಪತ್ರೆಯ ಸೂರು ಹಾರುವಂತೆ ಒದರುತ್ತಿದ್ದರು. ನನ್ನ ಹೆಸರು ಅವರಿಗೆ ಕೊನೆಯವರೆಗೂ ನೆನಪಿರಲಿಲ್ಲ. ಎಲ್ಲ ನರ್ಸುಗಳೂ ತಂಗಿಯರೇ. ರೋಗಿಗಳ ಹೆಸರೂ ಅಷ್ಟೇ, ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. 'ವಳಕಮದಿನ್ನಿ ಎದ್ದು ಕುಂತಾನೇನು?' ಎಂದು ಕೇಳಿದರೆ ಒಂದು ಊರಿಗೆ ಊರೇ ಎದ್ದು ಕುಳಿತಂತೆ ನನಗೆ ನಗು ಬರುತ್ತಿತ್ತು. ಗುಟ್ಟು ಎನ್ನುವುದಂತೂ ಅವರ ಹೊಟ್ಟೆಯಲ್ಲಿ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ. ಗೊತ್ತಾದದ್ದನ್ನು ಗೊತ್ತಾದ ಜಾಗದಲ್ಲೇ, ಗೊತ್ತಾದಷ್ಟೇ ಜೋರಾಗಿ ಹೇಳಿಬಿಡುವವರು.

ಇದೆಲ್ಲ ಹೇಳಿದ್ದು ಮುಕ್ಕುಂದ ಎಂಬ ಹಳ್ಳಿಯ ಮಾತಿಗೆ ಬರಲಿಕ್ಕೆ.

ಮುಕ್ಕುಂದದಿಂದ ಒಂದು ಬೇಸಿಗೆಯಲ್ಲಿ ಒಬ್ಬ ಬಾಣಂತಿಯನ್ನು ಗಾಡಿಯಲ್ಲಿ ಹಾಕಿಕೊಂಡು ಬಂದರು. ಇನ್ನೂ ಹುಡುಗಿ. ತವರಿನಲ್ಲಿ ತಾಯಿ ಇಲ್ಲದ್ದಕ್ಕೆ ಗಂಡನ ಮನೆಯಲ್ಲೇ ಹೆರಿಗೆಯಾಗಿತ್ತು. ಕೂಸು ಮೊಲೆ ಕಚ್ಚಿಕೊಂಡೇ ಇತ್ತು, ಅವಳಿಗೆ ಪ್ರಜ್ಞೆ ಇರಲಿಲ್ಲ. ಬೆನ್ನಿನಿಂದ ತೆಗೆದ ನೀರು ಅಕ್ಕಿ ತೊಳೆದ ನೀರಿನಂತೆ ಬಂತು. ಸಾಹೇಬರು ಪೆನ್ಸಿಲಿನ್ ಶುರು ಮಾಡಿದರು. ಜೊತೆಗೆ ಬಂದ ಗಂಡ, ಅತ್ತೆ, ಮನೆಮಂದಿಗೆಲ್ಲ ಸಲ್ಫಾ ಗುಳಿಗೆ ಕೊಟ್ಟು, ನುಂಗಿದ ಮೇಲೆ ಬಾಯಿ ತೆರೆಸಿ ನಾಲಿಗೆ ಎತ್ತಿಸಿ ನೋಡಿದರು. ಕ್ರಿಮಿ ಯಾರ ಗಂಟಲಲ್ಲಿ ಸುಮ್ಮನೆ ಕೂತಿದೆಯೋ ಹೇಳಲು ಬರುವುದಿಲ್ಲ, ಆ ಗುಳಿಗೆ ಅದನ್ನು ಓಡಿಸುತ್ತದೆ. ಹುಡುಗಿ ಕಣ್ಣು ತೆರೆದು ಮೊದಲು ಆಡಿದ ಮಾತು 'ಕೂಸು' ಎಂದು. ಅಷ್ಟಕ್ಕೇ ಸಾಹೇಬರು ಅಂಗಳಕ್ಕೆ ಓಡಿ “ಮುಕ್ಕುಂದ ಮಾತಾಡಿದ್ಲು!” ಎಂದು ಕೂಗಿದರು.

ಗುಣವಾಗಿ ಮನೆಗೆ ಹೋದಳು. ಕೆಲವು ದಿನ ಬಿಟ್ಟು ನಾನು ನೋಡಲು ಹೋದೆ. ಅವಳನ್ನು ಮನೆಯೊಳಗೆ ಸೇರಿಸಿರಲಿಲ್ಲ. ಹಿತ್ತಲಿನ ಹೊಟ್ಟಿನ ಕೋಣೆಯಲ್ಲಿ, ದನಗಳ ಮೇವಿನ ಪಕ್ಕದಲ್ಲಿ, ಹೊರಸು ಹಾಕಿಕೊಟ್ಟಿದ್ದರು. ಊಟ ಬಾಗಿಲಿಗೆ ಬರುತ್ತಿತ್ತು. ಕೂಸು ಅತ್ತೆಯ ಹತ್ತಿರ, ಆಕಳ ಹಾಲಿನ ಮೇಲೆ ಇತ್ತು. ನಾನು ಹೋದಾಗ ಹುಡುಗಿ ಗೋಡೆಗೆ ಮುಖ ಮಾಡಿ ಬಟ್ಟಲಿಗೆ ಎದೆಹಾಲು ಹಿಂಡುತ್ತಿದ್ದಳು. ಹಿಂಡಿದ್ದನ್ನು ಯಾರೂ ತುಳಿಯದಂತೆ ನುಗ್ಗೆಗಿಡದ ಬುಡಕ್ಕೆ ಸುರಿದು ಬಂದಳು.

“ಯಾಕವ್ವಾ, ಹಿಂಗ?” ಎಂದೆ.

“ಹಿಂಡಲಿಲ್ಲಾಂದ್ರ ಬತ್ತತೈತ್ರಿ. ಬತ್ತಿದ ಮ್ಯಾಲ ಕೂಸು ಕೊಟ್ರ ಏನ್ ಮಾಡ್ಲಿ?” ಎಂದಳು. ಅಳಲಿಲ್ಲ. ಒಳಗಿನಿಂದ ಕೂಸು ಅತ್ತಾಗ ಮಾತ್ರ ಅವಳ ಕುಪ್ಪಸ ತಾನಾಗಿ ಒದ್ದೆಯಾಯಿತು. ನನಗೆ ಸಿಟ್ಟು ನೆತ್ತಿಗೇರಿತು.

ಸಾಹೇಬರಿಗೆ ಹೇಳಿದೆ. ಅವತ್ತೇ ಮುಕ್ಕುಂದಕ್ಕೆ ಬಂದರು, ಹುಡುಗಿಯ ಗಂಟಲು ಒರೆಸಿ ತಂದು ತಟ್ಟೆಗೆ ಹಾಕಿದರು, ಏನೂ ಬೆಳೆಯಲಿಲ್ಲ. ಕ್ರಿಮಿ ಇಲ್ಲ, ಕೂಸು ಕೊಡಿ ಎಂದು ಹೇಳಲು ಮತ್ತೆ ಹೋದೆವು. ಅತ್ತೆ ಎತ್ತರದ ಹೆಂಗಸು, ಮುಂಗೈ ತುಂಬ ಹಚ್ಚೆ, ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಅಡ್ಡ ನಿಂತಿದ್ದಳು.

“ಗಂಟಲದಾಗ ಇಲ್ಲಂದ್ರ ಆತೇನ್ರಿ? ಜಡ್ಡು ಇರೂದು ರಕ್ತದಾಗ. ರಕ್ತ ನೋಡಿ ಹೇಳ್ರಿ. ಈ ಮನ್ಯಾಗ ಇದೊಂದ ಕೂಸು.”

ಸಾಹೇಬರು ಚಪ್ಪಾಳೆ ತಟ್ಟಿದರು. “ಬರೋಬ್ಬರಿ ಮಾತಾಡಿದ್ರಿ ಯವ್ವಾ! ರಕ್ತನ ನೋಡೂಣು. ಆಕಿ ರಕ್ತದಾಗ ಜಡ್ಡು ಇಲ್ಲ, ಪಹರೆ ಐತಿ. ಅದನ್ನ ತೋರಿಸಿದ್ರ ಕೂಸು ಕೊಡ್ತೀರಿಲ್ಲೋ?”

“ಕೊಡ್ತೀನ್ರಿ.”

ಹಿಂದಿರುಗುವಾಗ ನಾನು ಕೇಳಿದೆ, ಪಹರೆ ಎದ್ದಿರದಿದ್ದರೆ? ಪೆನ್ಸಿಲಿನ್ ಬೇಗ ಬಿದ್ದವರಲ್ಲಿ ಒಮ್ಮೊಮ್ಮೆ ಅದು ಸರಿಯಾಗಿ ಏಳುವುದಿಲ್ಲ ಎಂದು ಅವರೇ ಹೇಳಿದ್ದರು. ಸಾಹೇಬರಿಗೆ ಆಗ ಹೊಳೆಯಿತು, ಕೊಟ್ಟ ಮಾತಿನ ಭಾರ. “ಅಯ್ಯ” ಎಂದರು. ಆದರೆ ಆ ಮನುಷ್ಯನಿಗೆ ಚಿಂತೆ ಹೆಚ್ಚು ಹೊತ್ತು ಹತ್ತುತ್ತಿರಲಿಲ್ಲ. “ಏಳತೈತಿ ಬಿಡು. ಅಂಥಾ ಗಟ್ಟಿ ಹುಡುಗಿ” ಎಂದು ಮತ್ತೆ ಮಾತಿಗೆ ಶುರುವಿಟ್ಟರು.

ಎರಡನೆಯ ರಕ್ತ ತೆಗೆಯುವ ಹೊತ್ತಿಗೆ ನಾನು ಚಿಕ್ಕಪ್ಪನ ಮಗಳ ಮದುವೆಗೆಂದು ಮಸ್ಕಿಗೆ ಹೋಗಿದ್ದೆ. ಅವರೇ ಹೋಗಿ ತಂದರು. ನಾನು ಮರಳಿ ಬಂದ ದಿನವೇ ಎರಡೂ ರಕ್ತಗಳನ್ನು ಸಾಲು ಕೊಳವೆಗಳಿಗೆ ಹಾಕಿ ಬೆಚ್ಚನೆಯ ನೀರಲ್ಲಿ ಇಟ್ಟೆವು. ಮರುದಿನ ಬೆಳಿಗ್ಗೆ ನಾನು ಗೇಟು ದಾಟುವಷ್ಟರಲ್ಲಿ ಲ್ಯಾಬಿನಿಂದ ಕೂಗು ಕೇಳಿಸಿತು. ಮೊದಲ ರಕ್ತ ಆರಂಭದಲ್ಲೇ ಸೋತಿತ್ತು. ಎರಡನೆಯದು, ಹಾ, ಎರಡನೆಯದು ಕೊನೆಯ ಕೊಳವೆಯವರೆಗೂ ಹರಳುಗಟ್ಟಿತ್ತು! ಅಲುಗಿಸಿದರೆ ತಳದ ಹರಳು ತಿರುತಿರುಗಿ ಏಳುತ್ತಿತ್ತು, ಮೇಲಿನ ನೀರು ತಿಳಿಯಾಗಿತ್ತು. ಅಜ್ಜನನ್ನು ತಬ್ಬಿದ್ದಾಯಿತು, ಚಹಾದಂಗಡಿಯವನನ್ನು ತಬ್ಬಿದ್ದಾಯಿತು. ಆಸ್ಪತ್ರೆಗೆಲ್ಲ ಮಿರ್ಚಿ ಭಜಿ ಬಂತು. ನಾನೂ ಕುಣಿದೆ ಎಂದೇ ಹೇಳಬೇಕು. ಆ ಒದ್ದೆ ಕುಪ್ಪಸ ನನ್ನ ಕಣ್ಣ ಮುಂದಿತ್ತು.

ಭಜಿ ತಿಂದು ಕೈ ತೊಳೆದು, ಎಲ್ಲ ರಕ್ತಕ್ಕೂ ಮಾಡುವಂತೆ ಇದಕ್ಕೂ ಗುಂಪು ನೋಡಲು ಕೂತರು. ಅದು ಅವರ ರೂಢಿ. ಎಂದಾದರೂ ಯಾರಿಗಾದರೂ ರಕ್ತ ಬೇಕಾದೀತು ಎಂದು. ನೋಡಿದರು. ಮತ್ತೆ ನೋಡಿದರು. ಮುಖದ ನಗು ಹಾಗೆಯೇ ಇಳಿಯಿತು.

ಮೊದಲ ರಕ್ತ ಓ ಗುಂಪು. ಎರಡನೆಯದು ಬಿ. ಜಡ್ಡು ಬಂದು ಹೋದ ಮಾತ್ರಕ್ಕೆ ಯಾರ ರಕ್ತದ ಗುಂಪೂ ಬದಲಾಗುವುದಿಲ್ಲ.

“ಸೀಸೆ ಬದಲಾಗಿರಬೇಕೇನ್ರಿ?” ಎಂದೆ.

“ಅವತ್ತು ತಂದದ್ದ ಒಂದ ಸೀಸೆ.”

“ಮತ್ತ ಯಾರ ಕೈ ಚುಚ್ಚಿದ್ರಿ?”

ಅವರು ಹಣೆ ತಿಕ್ಕಿಕೊಂಡರು. “ಬಾಣಂತಿ ಕೋಣ್ಯಾಗ ಗಂಡಸರು ಬರಬಾರದಂತ ಹೊಸ್ತಿಲ ಹೊರಗ ಕುಂತಿದ್ದೆ. ಒಳಗ ಕತ್ತಲಿತ್ತು. ಕಂಬಳಿ ಹೊದ್ದಕೊಂಡು, ತಲಿಗೆ ಅರಿವಿ ಕಟಗೊಂಡು ಕುಂತಿದ್ಲು. ಕೈ ಚಾಚಿದ್ಲು.”

“ಮಾರಿ ನೋಡಿದ್ರಿಲ್ಲೋ?”

“ಮಾರಿ...” ಎಂದು ತಡವರಿಸಿದರು. “ನನ್ನ ಹಿಂದ ಆಕಿ ಗಂಡ ನಿಂತಿದ್ದ. ಅಂವಗ ಪಹರೆ ಅಂದ್ರ ಏನಂತ ಹೇಳಾಕತ್ತಿದ್ದೆ.”

ನನಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಆದರೆ ಸಾಹೇಬರು ಅಷ್ಟರಲ್ಲೇ ಎದ್ದು ನಿಂತಿದ್ದರು. ಕಣ್ಣು ಅಗಲವಾಗಿದ್ದವು. “ತಂಗೀ, ತಡೀ. ಇದು ಆಕಿದಲ್ಲಂದ್ರ ಮತ್ಯಾರದು? ಆ ಮನ್ಯಾಗ ಬ್ಯಾರೆ ಯಾರೂ ಮಲಗಿಲ್ಲ, ಯಾರೂ ಕೆಮ್ಮಿಲ್ಲ. ಮಲಗಲಾರದವರ ರಕ್ತದಾಗ ಇಷ್ಟು ಪಹರೆ! ಕ್ರಿಮಿ ಬಂದೈತಿ, ಇವರು ಗೆದ್ದಾರ, ಗೆದ್ದದ್ದು ಇವರಿಗೇ ಮಾಲೂಮಿಲ್ಲ!” ಎಂದು ನೀರಾವರಿಯವರ ಜೀಪು ಕೇಳಲು ಓಡಿದರು.

ಕಾಲುವೆಯ ಏರಿ ಹಿಡಿದು ಮುಕ್ಕುಂದಕ್ಕೆ ಹೋದೆವು. ನಾನು ನೇರವಾಗಿ ಅತ್ತೆಯ ಸೆರಗು ಸರಿಸಿ ಮೊಣಕೈ ಮಡಚಿನಲ್ಲಿ ನೋಡಿದೆ. ಹಚ್ಚೆಯ ಮೇಲ್ಗಡೆ ಸೂಜಿ ಚುಚ್ಚಿದ ಹಳದಿಗಟ್ಟಿದ ಕಲೆ.

ಆಕೆ ಕೈ ಎಳೆದುಕೊಳ್ಳಲಿಲ್ಲ. “ಹೌದ್ರಿ, ಆಕಿನ್ನ ಮೇವಿನ ಹಿಂದ ಕುಂದರಿಸಿ ನಾನ ಕೊಟ್ಟೀನಿ. ಹಸೀ ಬಾಣಂತಿ, ಮ್ಯಾಲ ಸತ್ತು ಬದುಕ್ಯಾಳ, ಆಕಿ ಮೈಯಾಗ ಎಲ್ಲಿ ರಕ್ತ ಐತ್ರಿ ಕೊಡಾಕ? ಮತ್ತ ಆಕಿದ್ರಾಗ ಏನರ ಕೆಟ್ಟದ್ದು ಕಂಡ್ರ ನೀವು ತಿರುಗಿ ಒಯ್ತೀರಿ. ಒಯ್ದ್ರ ನನ್ನ ಮಗ ಆಕಿ ಆಸೆ ಬಿಡ್ತಾನ. ನಂದು ಚಲೋ ರಕ್ತ, ಇದನ್ನ ನೋಡಿ ಚಲೋ ಐತಿ ಅಂತೀರಿ ಅನಕೊಂಡೆ.”

“ಹಂಗಾರ ಕೂಸು ಯಾಕ ಕೊಡಲಿಲ್ಲ?” ಎಂದೆ ನಾನು, ದನಿ ತಡೆಯಲಾಗದೆ.

“ಸೊಸಿಗೂ ಏನೂ ಆಗಬಾರ್ದು, ಕೂಸಿಗೂ ಏನೂ ಆಗಬಾರ್ದು. ಇಬ್ಬರನ್ನೂ ಕಾಯಾಕತ್ತೀನ್ರಿ ನಾ. ನಿನಗ ಹೆಂಗ ತಿಳೀಬೇಕು?” ಎಂದಳು. ಅಷ್ಟು ದಿನ ಆ ಹೆಂಗಸಿನ ಮೇಲೆ ಕಟ್ಟಿಕೊಂಡಿದ್ದ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಸೊಸೆಯ ರಕ್ತ ಬೇಕೇ ಬೇಕು ಎಂದು ಸಾಹೇಬರು ಅಂಗಲಾಚಿದರು. ಅತ್ತೆ ಬಿಲ್‌ಕುಲ್ ಒಪ್ಪಲಿಲ್ಲ. ಆಗ ಹೊಟ್ಟಿನ ಕೋಣೆಯ ಬಾಗಿಲು ತೆರೆಯಿತು. ಹುಡುಗಿ ಕಂಬಳಿ ಕೆಳಗೆ ಬಿಟ್ಟು, ಬಿಸಿಲಿಗೆ ಬಂದು, ಸಾಹೇಬರ ಮುಂದೆ ನೆಲದ ಮೇಲೆ ಕೂತು ತೋಳು ಚಾಚಿದಳು.

“ತಗೋರಿ. ಎಷ್ಟ ಬೇಕಂತೀರಿ ಅಷ್ಟ ತಗೋರಿ. ಅತ್ತೀ, ನೀವು ಸುಮ್ಮನಿರ್ರಿ.”

ಈ ಸಲ ಸಾಹೇಬರು ಮುಖ ನೋಡಿದರು, ತೋಳು ನೋಡಿದರು, ಮತ್ತೆ ಮುಖ ನೋಡಿದರು. ರಕ್ತ ತೆಗೆದದ್ದು ನಾನು. ಅತ್ತೆಯ 'ಇಷ್ಟೊಂದಾ!' ಎಂಬ ಚೀರಾಟದ ನಡುವೆ ಚಿಕ್ಕ ಸೀಸೆಯ ಅರ್ಧದಷ್ಟು. ಹೊರಡುವ ಮೊದಲು ಅತ್ತೆಯ ಗಂಟಲನ್ನೂ ಒರೆಸಿಕೊಂಡೆವು.

ಆ ಮುಂದಿನ ಬೆಳಿಗ್ಗೆ ನಾವಿಬ್ಬರೂ ಕೊಳವೆಗಳ ಮುಂದೆ ಉಸಿರು ಹಿಡಿದು ನಿಂತೆವು. ಹುಡುಗಿಯ ಸಾಲಿನ ಮೊದಲ ಕೊಳವೆ ಹರಳು. ಎರಡನೆಯದು ಹರಳು. ಮಬ್ಬು ಕೊಳವೆ ಈಗ ಬಂತು, ಈಗ ಬಂತು ಎಂದು ನಾನು ಸಾಲನ್ನು ನೋಡುತ್ತಾ ಹೋದೆ. ಬರಲೇ ಇಲ್ಲ, ಸಾಲು ಮುಗಿಯುವ ಹತ್ತಿರ ಬರುವವರೆಗೂ. ಪೆನ್ಸಿಲಿನ್ ಬಿದ್ದಿದ್ದರೂ ಹುಡುಗಿಯ ಮೈ ತಾನೇ ಪಹರೆ ಎಬ್ಬಿಸಿಕೊಂಡಿತ್ತು! ನಾನು ಸಾಹೇಬರ ಕೋಟು ಹಿಡಿದು ಜಗ್ಗಾಡಿದೆ. ಅವರು ಅಳುತ್ತಿದ್ದರು, ಅಳುತ್ತಲೇ ಗುಂಪು ನೋಡಿದರು. ಓ. ಅತ್ತೆಯ ಗಂಟಲಿನ ತಟ್ಟೆಯಲ್ಲೂ ಏನೂ ಬೆಳೆದಿರಲಿಲ್ಲ. ಗುಳಿಗೆ ತನ್ನ ಕೆಲಸ ಮಾಡಿತ್ತು.

ಇದನ್ನು ಹೇಳಲು ಮತ್ತೆ ಮುಕ್ಕುಂದಕ್ಕೆ ಹೊರಟು ಜೀಪಿನಲ್ಲಿ ಕೂತ ಮೇಲೆ ನನಗೆ ಹೆದರಿಕೆ ಹತ್ತಿತು. ಈ ಮನುಷ್ಯ ಹೋದವರೇ ಕಟ್ಟೆಯ ಮೇಲೆ ನಿಂತು, ಅತ್ತೆಯ ಗಂಟಲಲ್ಲಿ ಆ ಕ್ರಿಮಿ ಇತ್ತು ಎಂದು ಸಂತೋಷದಿಂದ ಒದರಿಬಿಟ್ಟರೆ? ಸೊಸೆಗೆ ಜಡ್ಡು ಹಚ್ಚಿದವಳು ಅತ್ತೆಯೇ ಎಂದು ಊರು ಅನ್ನುತ್ತದೆ. ಹೊಟ್ಟಿನ ಕೋಣೆ ಖಾಲಿಯಾಗುವುದಿಲ್ಲ, ಒಳಗಿರುವವರು ಬದಲಾಗುತ್ತಾರೆ ಅಷ್ಟೇ. ಹಾಗೆಂದು ಅವರಿಗೆ ಹೇಳಿದೆ. ಅವರು ನನ್ನ ಮುಖ ನೋಡಿದರು. ಮುಕ್ಕುಂದ ಬರುವವರೆಗೆ ಕಾಲುವೆಯ ನೀರು ನೋಡುತ್ತಾ ಕೂತರು, ಒಂದು ಮಾತೂ ಆಡಲಿಲ್ಲ.

ಕಟ್ಟೆಯ ಮೇಲೆ ಗಂಡ, ನೆರೆಹೊರೆಯವರು ಕೂಡಿದ್ದರು. ಸಾಹೇಬರು ಹೇಳಿದ್ದು ಇಷ್ಟೇ. “ಹುಡುಗಿ ರಕ್ತದಾಗ ಜಡ್ಡಿಲ್ಲ, ಪಹರೆ ಐತಿ. ಗಂಟಲದಾಗ ಕ್ರಿಮಿ ಇಲ್ಲ. ಕೂಸು ತಾಯಿ ಹಂತ್ಯಾಕ ಹೋಗಲಿ.” ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಪಡಸಾಲೆಗೆ ಬಂದರು. ಅಲ್ಲಿ ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

“ನಂದೂ ನೋಡಿದ್ರೆಲ್ಲ. ನಂದರಾಗೇನೈತ್ರಿ?”

“ನಿಮ್ಮದ್ರಾಗೂ ಪಹರೆ ಐತಿ ಯವ್ವಾ.”

“ಜಡ್ಡು ಬರಲಾರದ ಪಹರೆ ಹೆಂಗ ಬರತೈತಿ?” ಎಂದು ಕೇಳಿ ಆಕೆ ತೊಡೆಯ ಮೇಲಿನ ಕೂಸನ್ನು ನೋಡಿದಳು. “ಹಂಗಾರ ನನ್ನೊಳಗೂ ಬಂದಿತ್ತು ಅದು. ನನ್ನಿಂದನ ಆಕಿಗೆ...”

“ನಿಮ್ಮಿಂದ ಆಕಿಗೆ ಬಂತೋ, ಆಕಿಯಿಂದ ನಿಮಗ ಬಂತೋ, ಹೊರಗಿಂದ ಇಬ್ಬರಿಗೂ ಬಂತೋ, ಅದನ್ನ ಹೇಳಾಕ ನನಗ ಬರೂದಿಲ್ಲ. ಯಾರಿಗೂ ಬರೂದಿಲ್ಲ.” ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. “ಈಗ ಇಬ್ಬರ ಹಂತ್ಯಾಕೂ ಇಲ್ಲ, ಅದು ಖರೇ. ಇಬ್ಬರೂ ಗೆದ್ದೀರಿ, ಅದೂ ಖರೇ. ಆಕಿ ಮಲಗಿ ಗೆದ್ದಾಳ, ನೀವು ನಿಂತು ಗೆದ್ದೀರಿ.”

“ಆಕಿನ್ನ ಹೊಟ್ಟಿನ ಮನ್ಯಾಗ ಇಟ್ಟು, ಕೂಸಿನ್ನ ನಾ ಎದಿಗೆ ಹಚಗೊಂಡು ಮಲಗೀನ್ರಿ” ಎಂದಳು ಆಕೆ. ಸಾಹೇಬರು ಕೈ ಚಾಚಿ ಅವಳ ಹಚ್ಚೆಯ ಮುಂಗೈಯನ್ನು ಒಮ್ಮೆ ಒತ್ತಿದರು.

ಅತ್ತೆ ಎದ್ದಳು. ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ನಡೆದಳು, ನಾನು ಹಿಂದೆ ಹೋದೆ. ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಅತ್ತೆ ಕೂಸನ್ನು ಅವಳ ತೋಳಿಗೆ ಇಟ್ಟಳು. ಹುಡುಗಿ ಕುಸಿದು ಕೂತು ಎದೆಗೆ ಹಚ್ಚಿಕೊಂಡಳು. ಕೂಸು ಮುಖ ತಿರುಗಿಸಿತು. ಮತ್ತೆ ಹಚ್ಚಿದಳು, ಚೀರಿ ಅಜ್ಜಿಯ ಕಡೆಗೆ ಹೊರಳಿತು. ತಾಯಿಯ ಎದೆಯನ್ನು ಅದು ಮರೆತಿತ್ತು. ಹುಡುಗಿ ನನ್ನ ಕಡೆ ನೋಡಿದ ನೋಟ ಈಗಲೂ ನನಗೆ ತಡೆಯಲಾಗುವುದಿಲ್ಲ.

ಅತ್ತೆ ಅವಳ ಎದುರಿಗೆ ಮಂಡಿಯೂರಿ ಕೂತಳು. ತನ್ನ ಸೆರಗು ಹರವಿ ಇಬ್ಬರಿಗೂ ಮರೆ ಮಾಡಿ, ಸೊಸೆಯ ಎದೆಯಿಂದ ಒಂದು ಹನಿಯನ್ನು ಬೆರಳಿಗೆ ತೆಗೆದುಕೊಂಡು ಕೂಸಿನ ತುಟಿಗೆ ಸವರಿದಳು. ಇನ್ನೊಂದು ಹನಿ. ಮತ್ತೊಂದು. ಕೂಸು ನಾಲಿಗೆ ಚಪ್ಪರಿಸಿತು. ಅತ್ತೆ ಅದರ ತಲೆಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆ ತಂದಳು. ಅಳು ಒಮ್ಮೆಲೆ ನಿಂತಿತು. ಗುಟುಕು ಸದ್ದು ಶುರುವಾಯಿತು. ಸೊಸೆ ಕಣ್ಣು ಮುಚ್ಚಿ ಹಣೆಯನ್ನು ಅತ್ತೆಯ ಹೆಗಲಿಗೆ ಆನಿಸಿದಳು.

ಅದೇ ಹೊತ್ತಿಗೆ ಪಡಸಾಲೆಯಿಂದ ಕೂಗು. “ತಂಗೀ! ಏನಾತು? ಹಿಡೀತೇನು? ಕುಡ್ಯಾಕತ್ತೈತೇನು? ಹೇಳು ತಂಗೀ!”

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ತಿರುಗಿದಳು. ಕಣ್ಣೀರು ಗದ್ದದವರೆಗೆ ಇಳಿದಿತ್ತು.

“ಕುಡ್ಯಾಕತ್ತೈತ್ರೀ ಸಾಹೇಬ್ರ” ಎಂದಳು. “ಒದರಬ್ಯಾಡ್ರಿ, ಎದಿ ಬಿಟ್ಟೀತು.”